ಆ ಪೈಲಟ್‌ಗೆ ನನ್ನ ಡ್ರೋನ್ ಕಾಣುತ್ತಾ?

ಪುಣೆಯ ಖರಾಡಿಯಲ್ಲಿ ನಮ್ಮ ಫ್ಲ್ಯಾಟ್‌ನ ಗೃಹಪ್ರವೇಶ. ಟೆರೇಸ್ ಮೇಲಿಂದ ಡ್ರೋನ್ ಹಾರಿಸಿ ವಿಡಿಯೋ ಮಾಡೋಣ ಅಂತ ಹೊರಟಿದ್ದೆ. ತೂಕ 249 ಗ್ರಾಂ. ಇಷ್ಟು ಚಿಕ್ಕದಕ್ಕೆ ಯಾವ ರೂಲ್ಸು ಅನ್ನೋ ಧೈರ್ಯ. ಅಷ್ಟರಲ್ಲಿ ಲೋಹೆಗಾಂವ್ ಕಡೆಯಿಂದ ಒಂದು ವಿಮಾನ ಏರಿ ಹೋಯ್ತು. ಅಪ್ಪ ಕೇಳಿದ್ರು, "ಆ ಪೈಲಟ್‌ಗೆ ನಿನ್ನ ಈ ಆಟಿಕೆ ಕಾಣ್ಸತ್ತೇನೋ?"

ಕಾಣಲ್ಲ ಅಂತಾನೇ ಇಟ್ಟುಕೊಳ್ಳಬೇಕು. ವಿಮಾನದ ವೇಗಕ್ಕೆ ಅಂಗೈಯಗಲದ ಡ್ರೋನ್ ಕಣ್ಣಿಗೆ ಬೀಳೋದು ಕಷ್ಟ. ಏರ್ ಟ್ರಾಫಿಕ್ ಕಂಟ್ರೋಲ್‌ಗೆ ವಿಮಾನದ ಟ್ರಾನ್ಸ್‌ಪಾಂಡರ್ ಉತ್ತರ ಕೊಡುತ್ತೆ. ಇಂಥ ಡ್ರೋನ್‌ನಲ್ಲಿ ಅದಿಲ್ಲ. 2018ರ ಡಿಸೆಂಬರ್‌ನಲ್ಲಿ ಲಂಡನ್ನಿನ ಗ್ಯಾಟ್‌ವಿಕ್‌ನಲ್ಲಿ ಡ್ರೋನ್ ಕಂಡಿತು ಅನ್ನೋ ಸುದ್ದಿಗೇ ರನ್‌ವೇ ಮುಚ್ಚಿದರು. ಸುಮಾರು 1,000 ವಿಮಾನಯಾನ, 1,40,000 ಪ್ರಯಾಣಿಕರಿಗೆ ತೊಂದರೆ. ಹಾರಿಸಿದವರು ಸಿಗಲೇ ಇಲ್ಲ.

ಒಂದೊಂದು ಡ್ರೋನ್ ಜೊತೆಗೂ ಕಂಟ್ರೋಲರ್ ರೇಡಿಯೋದಲ್ಲಿ ಮಾತಾಡೋಕೆ ಆಗಲ್ಲ. ಆ ಕೆಲಸ ಸಾಫ್ಟ್‌ವೇರ್‌ಗೆ ಬಿಡೋದೇ ಯುಟಿಎಂ. ಭಾರತ ಇದರ ನೀತಿ ಚೌಕಟ್ಟನ್ನು 2021ರ ಅಕ್ಟೋಬರ್‌ನಲ್ಲಿ ಪ್ರಕಟಿಸಿತು.

ನಮ್ಮ ಆಫೀಸಿನ ಮೀಟಿಂಗ್ ರೂಮ್ ಬುಕಿಂಗ್ ನೆನಪಿಸಿಕೊಳ್ಳಿ. ಹಾರೋ ಮುಂಚೆ ಜಾಗ, ಎತ್ತರ, ಹೊತ್ತು ಹೇಳಬೇಕು. ಇನ್ನೊಬ್ಬರ ಬುಕಿಂಗ್ ಜೊತೆ ತಾಗಿದರೆ ಬದಲಿಸಬೇಕು. ಆದರೆ ಇಲ್ಲಿ ಸೇವೆ ಕೊಡೋ ಕಂಪನಿಗಳು ಹಲವು. ಇಬ್ಬರು ಒಂದೇ ಕ್ಷಣಕ್ಕೆ ಒಂದೇ ಜಾಗಕ್ಕೆ ಒಪ್ಪಿಗೆ ಕೊಟ್ಟರೆ? ನಮಗೆಲ್ಲ ಗೊತ್ತಿರೋ ರೇಸ್ ಕಂಡಿಷನ್! ಅದಕ್ಕೇ ಎಎಸ್‌ಟಿಎಂನ ಎಫ್3548 ಮಾನದಂಡದಲ್ಲಿ, ಅಕ್ಕಪಕ್ಕದ ಬುಕಿಂಗ್‌ಗಳ ಇತ್ತೀಚಿನ ವರ್ಷನ್ ನಿಮ್ಮ ಹತ್ತಿರ ಇದೆ ಅಂತ ತೋರಿಸಿದರೇನೇ ನಿಮ್ಮದು ದಾಖಲಾಗೋದು. ಡೇಟಾಬೇಸ್‌ನ ಆಪ್ಟಿಮಿಸ್ಟಿಕ್ ಲಾಕಿಂಗ್ ಥರಾನೇ.

ಆದರೆ ಬುಕ್ ಮಾಡದೇ ನುಗ್ಗುವವನನ್ನು ಯಾವ ಲಾಕೂ ತಡೆಯಲ್ಲ. ಟೆರೇಸ್ ಮೇಲಿದ್ದ ನಾನೇ ಅಂಥವನು! ಅದಕ್ಕೇ 2021ರ ಡ್ರೋನ್ ನಿಯಮಗಳಲ್ಲಿ ಬಣ್ಣದ ವಲಯಗಳಿವೆ: ಹಸಿರಲ್ಲಿ 400 ಅಡಿವರೆಗೆ ಅನುಮತಿ ಬೇಡ, ಹಳದಿಗೆ ಏರ್ ಟ್ರಾಫಿಕ್ ಕಂಟ್ರೋಲ್ ಒಪ್ಪಿಗೆ, ಕೆಂಪಿಗೆ ಕೇಂದ್ರ ಸರ್ಕಾರದ್ದು. ನ್ಯಾನೋ ಡ್ರೋನ್‌ಗೆ ಪೈಲಟ್ ಸರ್ಟಿಫಿಕೇಟ್‌ನಿಂದ ವಿನಾಯಿತಿ ಇರಬಹುದು, ವಲಯದಿಂದ ಇಲ್ಲ.

ಡಿಜಿಟಲ್ ಸ್ಕೈ ನಕ್ಷೆ ತೆಗೆದು ನೋಡಿದೆ. ನಮ್ಮ ಮನೆ ಹಸಿರಲ್ಲಿ ಇರಲಿಲ್ಲ. ಡ್ರೋನ್ ಬೀರು ಸೇರ್ತು, ವಿಡಿಯೋ ಮೊಬೈಲಲ್ಲೇ ಆಯ್ತು. ನೀವೂ ಹಾರಿಸೋ ಮುಂಚೆ ಒಮ್ಮೆ ನಕ್ಷೆ ನೋಡಿ. ಮೇಲೆ ಹೋಗ್ತಿರೋ ವಿಮಾನದಲ್ಲಿ ಊರಿಗೆ ಹೊರಟ ನಮ್ಮವರೇ ಇರಬಹುದು.