ಆಯಿಲ್ ಬದಲಾಯಿಸಿದ್ದಕ್ಕೂ ಬಾಗಿಲಿಗೆ ತುಕ್ಕು ಹಿಡಿದಿದ್ದಕ್ಕೂ ಏನು ಸಂಬಂಧ?

‘ಹೊರಗಡೆ ಸರ್ವೀಸ್ ಮಾಡಿಸಿದೀರಾ? ಹಾಗಾದ್ರೆ ವಾರಂಟಿ ಬರಲ್ಲ ಸರ್.’

ಬನ್ನೇರುಘಟ್ಟ ರಸ್ತೆಯಿರಲಿ, ಕನಕಪುರ ರಸ್ತೆಯಿರಲಿ, ಸರ್ವೀಸ್ ಸೆಂಟರಿನ ಕೌಂಟರಿನ ಮುಂದೆ ಸ್ವಲ್ಪ ಹೊತ್ತು ನಿಂತರೆ ಈ ಮಾತು ಕಿವಿಗೆ ಬೀಳದೆ ಇರುವುದಿಲ್ಲ. ಹೇಳುವವರು ಪಂಚಾಂಗ ಓದಿದಷ್ಟು ಸಲೀಸಾಗಿ ಹೇಳುತ್ತಾರೆ. ಕೇಳುವವರು ಅಷ್ಟೇ ಭಕ್ತಿಯಿಂದ ತಲೆಯಾಡಿಸುತ್ತಾರೆ. ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಕೊತ್ತಂಬರಿ ಕಟ್ಟಿಗೂ ಚೌಕಾಸಿ ಮಾಡುವ ಜನ, ಹತ್ತು ಲಕ್ಷದ ಕಾರಿನ ವಿಷಯದಲ್ಲಿ ‘ಎಲ್ಲಿ ಬರೆದಿದೆ, ತೋರಿಸಿ’ ಎಂದು ಒಂದೇ ಒಂದು ಸಲ ಕೇಳದೆ ಮನೆಗೆ ಬರುತ್ತಾರೆ. ಬರೆದಿರುವ ಪುಸ್ತಕ ಅವರ ಗ್ಲೋವ್ ಬಾಕ್ಸಿನಲ್ಲೇ, ಪ್ಲಾಸ್ಟಿಕ್ ಕವರ್ ಕೂಡ ತೆಗೆಯದ ಸ್ಥಿತಿಯಲ್ಲಿ, ಬಿದ್ದಿರುತ್ತದೆ.

ತುಕ್ಕಿನ ವಿಷಯಕ್ಕೆ ಬಂದಾಗ ಈ ನಂಬಿಕೆ ಇನ್ನಷ್ಟು ಹಾಸ್ಯಾಸ್ಪದ. ಬಿಟಿಎಂ ಲೇಔಟಿನ ಮೆಕ್ಯಾನಿಕ್ ಒಬ್ಬ ಎಂಜಿನ್ ಆಯಿಲ್, ಫಿಲ್ಟರ್, ಬ್ರೇಕ್ ಪ್ಯಾಡ್ ಬದಲಾಯಿಸಿದ. ನಾಲ್ಕು ವರ್ಷದ ಮೇಲೆ ಹಿಂಬಾಗಿಲಿನ ತಳ ಒಳಗಿನಿಂದ ತುಕ್ಕು ತಿಂದು ತೂತಾಯಿತು. ಮೊದಲನೆಯದು ಎರಡನೆಯದಕ್ಕೆ ಹೇಗೆ ಕಾರಣವಾಯಿತು? ಬಾಡಿಯ ತಗಡಿಗೆ ಸತುವಿನ ಲೇಪ ಕೊಡುವುದು, ಇಡೀ ಬಾಡಿಯನ್ನು ಪ್ರೈಮರ್ ತೊಟ್ಟಿಯಲ್ಲಿ ಮುಳುಗಿಸಿ ವಿದ್ಯುತ್ ಹಾಯಿಸಿ ಸಂದುಗೊಂದುಗಳಿಗೂ ಬಣ್ಣ ಹಿಡಿಯುವಂತೆ ಮಾಡುವುದು ಕಾರ್ಖಾನೆಯ ಕೆಲಸ. ಅದು ಕೆಟ್ಟರೆ ಆಯಿಲ್ ಫಿಲ್ಟರಿನ ಮೇಲೆ ಗೂಬೆ ಕೂರಿಸುವುದು ಯಾವ ನ್ಯಾಯ?

ಇದೇ ಪ್ರಶ್ನೆಯನ್ನು ಭಾರತೀಯ ಸ್ಪರ್ಧಾ ಆಯೋಗವೂ ಕೈಗೆತ್ತಿಕೊಂಡಿತ್ತು. 2011ರಲ್ಲಿ ಶಂಶೇರ್ ಕಟಾರಿಯಾ ಎಂಬವರು ಹೋಂಡಾ, ಫೋಕ್ಸ್‌ವ್ಯಾಗನ್, ಫಿಯೆಟ್ ಕಂಪನಿಗಳ ಮೇಲೆ ದೂರು ಕೊಟ್ಟರು. ಬಿಡಿಭಾಗಗಳೂ ರಿಪೇರಿಗೆ ಬೇಕಾದ ತಾಂತ್ರಿಕ ಮಾಹಿತಿಯೂ ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಕಂಪನಿಗಳು ಬಿಗಿಹಿಡಿದಿವೆ ಎಂಬುದು ಅವರ ಆರೋಪ. ತನಿಖೆ ಬೆಳೆಯಿತು. 2014ರ ಆಗಸ್ಟ್ 25ರಂದು ಆಯೋಗ 14 ಕಾರು ಕಂಪನಿಗಳಿಗೆ ಒಟ್ಟು ಸುಮಾರು 2,544 ಕೋಟಿ ರೂಪಾಯಿ ದಂಡ ಹಾಕಿತು. ಮಾರುತಿ, ಟಾಟಾ, ಮಹೀಂದ್ರಾ ಅದರಲ್ಲಿದ್ದವು. ನಮ್ಮ ಬಿಡದಿಯ ಟೊಯೊಟಾ ಕಿರ್ಲೋಸ್ಕರ್ ಕೂಡ ಇತ್ತು. ಬಿಡಿಭಾಗಗಳ ಮೇಲೆ ಕಂಪನಿಗಳು ಏರಿಸುತ್ತಿದ್ದ ಬೆಲೆ ಶೇ 100ರಿಂದ ಹಿಡಿದು ಶೇ 5,000ದ ಹತ್ತಿರದವರೆಗೂ ಇತ್ತೆಂದು ಆಯೋಗ ಕಂಡುಕೊಂಡಿತು.

ಆ ಆದೇಶದಲ್ಲಿ ವಾರಂಟಿಯ ಬಗ್ಗೆಯೂ ನೇರ ನಿರ್ದೇಶನವಿದೆ. ಹೊರಗೆ ರಿಪೇರಿ ಮಾಡಿಸಿದರು ಎಂಬ ಒಂದೇ ಕಾರಣಕ್ಕೆ ಸಾರಾಸಗಟಾಗಿ ವಾರಂಟಿ ರದ್ದು ಮಾಡುವಂತಿಲ್ಲ. ಹೊರಗಿನವರ ಕೆಟ್ಟ ಕೆಲಸದಿಂದ ಹಾನಿ ಆಗಿದ್ದರೆ, ಆ ಹಾನಿಯ ಮಟ್ಟಿಗೆ ಮಾತ್ರ ನಿರಾಕರಿಸಬಹುದು. ಅಮೆರಿಕದಲ್ಲಿ ಇಂಥದೇ ರಕ್ಷಣೆ 1975ರ ಮ್ಯಾಗ್ನಸನ್–ಮಾಸ್ ಕಾಯ್ದೆಯಿಂದಲೇ ಇದೆ.

ಹಾಗೆಂದು ಈ ಆದೇಶದ ಪ್ರತಿ ಹಿಡಿದು ಬ್ರಹ್ಮಾಸ್ತ್ರ ಸಿಕ್ಕಿತೆಂದು ಶೋರೂಮಿಗೆ ನುಗ್ಗಬೇಕಾಗಿಲ್ಲ. ಕಂಪನಿಗಳು ಸುಮ್ಮನೆ ಕೂರಲಿಲ್ಲ. ಟೊಯೊಟಾ, ನಿಸ್ಸಾನ್, ಫೋರ್ಡ್ ಮೇಲ್ಮನವಿ ಹೋದಾಗ 2016ರ ಡಿಸೆಂಬರ್‌ನಲ್ಲಿ ಸ್ಪರ್ಧಾ ಮೇಲ್ಮನವಿ ನ್ಯಾಯಾಧಿಕರಣ ಅವು ತಪ್ಪಿತಸ್ಥ ಎಂಬ ತೀರ್ಮಾನವನ್ನು ಎತ್ತಿಹಿಡಿದು ದಂಡವನ್ನಷ್ಟೇ ಇಳಿಸಿತು. ಜಗಳ ಅಲ್ಲಿಂದ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು. ಉಳಿದ ಕಂಪನಿಗಳಲ್ಲಿ ಹಲವು ದೆಹಲಿ ಹೈಕೋರ್ಟ್‌ನಲ್ಲಿ ಸ್ಪರ್ಧಾ ಕಾಯ್ದೆಯನ್ನೇ ಪ್ರಶ್ನಿಸಿದವು.

ತುಕ್ಕಿನ ವಾರಂಟಿಗೆ ಇನ್ನೊಂದು ತೊಡಕೂ ಇದೆ. ಮರ್ಸಿಡಿಸ್ ಯುರೋಪಿನಲ್ಲಿ 30 ವರ್ಷಗಳ ತುಕ್ಕು ಗ್ಯಾರಂಟಿ ಕೊಟ್ಟಿತ್ತು. ಆದರೆ ಸರ್ವೀಸೆಲ್ಲ ತನ್ನ ವರ್ಕ್‌ಶಾಪಿನಲ್ಲೇ ಆಗಬೇಕೆಂಬ ಷರತ್ತಿನ ಮೇಲೆ. ಜರ್ಮನಿಯ ಫೆಡರಲ್ ನ್ಯಾಯಾಲಯ 2007ರ ಡಿಸೆಂಬರ್‌ನಲ್ಲಿ ಆ ಷರತ್ತು ಸರಿಯೆಂದೇ ತೀರ್ಪಿತ್ತಿತು. ಅಷ್ಟು ದೀರ್ಘ ಗ್ಯಾರಂಟಿ ಕೊಡುವ ಕಂಪನಿ ಗಿರಾಕಿಯನ್ನು ತನ್ನ ಬಳಿ ಉಳಿಸಿಕೊಳ್ಳಲು ಬಯಸಿದರೆ ತಪ್ಪಿಲ್ಲ ಎಂಬುದು ಅದರ ತರ್ಕ. ಹೀಗಾಗಿ ‘ಹೊರಗೆ ಹೋದರೆ ಎಲ್ಲವೂ ಹೋಯಿತು’ ಎಂಬುದು ಎಷ್ಟು ಸುಳ್ಳೋ, ‘ಏನು ಮಾಡಿಸಿದರೂ ವಾರಂಟಿ ಭದ್ರ’ ಎಂಬುದೂ ಅಷ್ಟೇ ಸುಳ್ಳು. ಪುಸ್ತಕದ ಷರತ್ತು ಓದದೆ ವಾದಕ್ಕಿಳಿಯುವುದರಲ್ಲಿ ಅರ್ಥವಿಲ್ಲ.

ಓದಿದವರಿಗೆ ಮೊದಲ ಆಘಾತ ಬೇರೆ ಕಡೆಯಿಂದ ಬರುತ್ತದೆ. ಫೋಕ್ಸ್‌ವ್ಯಾಗನ್, ಸ್ಕೋಡಾ ಇಲ್ಲಿ ಹೇಳಿಕೊಂಡ 6 ವರ್ಷಗಳ ವಾರಂಟಿ ತಗಡು ಒಳಗಿನಿಂದ ಹೊರಕ್ಕೆ ತೂತು ಬೀಳುವುದಕ್ಕೆ. ಪೇಂಟಿಗೆ 3 ವರ್ಷ ಬೇರೆ. ಕಲ್ಲು ಸಿಡಿದು ಬಣ್ಣ ಕಿತ್ತ ಜಾಗದಲ್ಲಿ ಮೂಡಿದ ಕೆಂಪು ಚುಕ್ಕೆ ತೂತಲ್ಲ. ಸೈಲೆನ್ಸರ್, ಸಸ್ಪೆನ್ಷನ್ ಬಾಡಿಯಲ್ಲ. ಅಪಘಾತದ ನಂತರ ಟಿಂಕರಿಂಗ್ ಮಾಡಿ, ಪುಟ್ಟಿ ಮೆತ್ತಿ, ಪೇಂಟ್ ಹೊಡೆದ ಬಾಗಿಲು ಕಾರ್ಖಾನೆಯಿಂದ ಬಂದ ಬಾಗಿಲಾಗಿ ಉಳಿದಿಲ್ಲ. ಇಲ್ಲಿ ಮಾತ್ರ ಹೊರಗಿನ ಕೆಲಸ ನಿಜಕ್ಕೂ ಮುಳುವಾಗುತ್ತದೆ. ಆಯಿಲ್ ಬದಲಾಯಿಸಿದ್ದಕ್ಕೆ ಹೆದರುವವರು ಬಂಪರ್ ಗಾರ್ಡಿಗೆಂದು ಬಾಡಿಯಲ್ಲಿ ಡ್ರಿಲ್ ಹಾಕಿಸುವಾಗ ಮಾತ್ರ ಹೆದರುವುದಿಲ್ಲ.

‘ಬೆಂಗಳೂರಿಗೆ ಸಮುದ್ರವೇ ಇಲ್ಲ, ತುಕ್ಕು ಎಲ್ಲಿಂದ?’ ಎನ್ನುವವರೂ ಇದ್ದಾರೆ. ಮಂಗಳೂರಿನ ಉಪ್ಪುಗಾಳಿ ಇಲ್ಲಿಲ್ಲ, ಒಪ್ಪೋಣ. ಆದರೆ ಜಯನಗರದ ಮರಗಳಿವೆ. ಬಾನೆಟ್ಟಿಗೂ ಮುಂಗಾಜಿಗೂ ನಡುವೆ, ವೈಪರ್ ಬುಡದಲ್ಲಿ, ಕಪ್ಪು ಪ್ಲಾಸ್ಟಿಕ್ ಜಾಲರಿ ಇರುತ್ತದೆ. ಹೊಂಗೆಯ ಹೂವು, ಮಳೆಮರದ ಸಣ್ಣೆಲೆ, ಗುಲ್‌ಮೊಹರಿನ ಎಸಳು ಅದರೊಳಗೆ ಇಳಿದು, ಮೊದಲ ಮಳೆಗೆ ಕೊಳೆತು, ನೀರು ಹರಿಯುವ ಕಿಂಡಿಗೆ ಬೆಣೆ ಹೊಡೆದಂತೆ ಕೂರುತ್ತದೆ. ನಿಂತ ನೀರು ಕೊನೆಗೆ ಕಾಲ ಕೆಳಗಿನ ಮ್ಯಾಟ್‌ನಡಿ ಸೇರುತ್ತದೆ. ಬಾಗಿಲಿನ ತಳದಲ್ಲೂ ಬೆರಳ ತುದಿ ಹೋಗದಷ್ಟು ಚಿಕ್ಕ ಕಿಂಡಿಗಳಿವೆ. ಮಳೆಯ ಮರುದಿನ ಬಾಗಿಲು ಆಡಿಸಿದಾಗ ಒಳಗೆ ಗುಳುಗುಳು ಸದ್ದು ಬಂದರೆ ಅವು ಕಟ್ಟಿವೆ ಎಂದೇ ಅರ್ಥ. ಎಷ್ಟೋ ಸಲ ಕಟ್ಟಿರುವುದು ಮಣ್ಣಿನಿಂದಲ್ಲ, ತುಕ್ಕು ತಡೆಯಲೆಂದು ದುಡ್ಡು ಕೊಟ್ಟು ಬಳಿಸಿದ ಕೋಟಿಂಗಿನಿಂದಲೇ!

ಆ ಕೋಟಿಂಗ್ ಮಾಡಿಸದಿದ್ದರೆ ಕಂಪನಿಯ ವಾರಂಟಿ ಹೋಗುತ್ತದೆ ಎಂಬುದು ಮಾರಾಟದ ಮಾತು. ಅದಕ್ಕೆ ಕೊಡುವ ಗ್ಯಾರಂಟಿ ಕಾರ್ಡ್ ಬಹುತೇಕ ಡೀಲರ್‌ನದೋ ಕೋಟಿಂಗ್ ತಯಾರಕರದೋ ಆಗಿರುತ್ತದೆ. ಇನ್ಶೂರೆನ್ಸಿನಲ್ಲಿ ತುಕ್ಕು ಬರುತ್ತದೆ ಎಂಬುದೂ ಸುಳ್ಳು, ಸವಕಳಿಗೆ ಪಾಲಿಸಿ ಇಲ್ಲ. ಗಾಡಿಯ ತಳಕ್ಕೆ ಡೀಸೆಲ್ ಹೊಡೆಸುವವರಿಗೆ ಹೇಳುವುದಿಷ್ಟೇ: ರಬ್ಬರ್ ಬುಷ್‌ಗಳು ಉಬ್ಬಿ ಕೆಡುತ್ತವೆ.

ಕ್ಲೇಮ್ ಮಾಡುವವರು ನಿಜಕ್ಕೂ ಸೋಲುವುದು ಕಾಗದದಲ್ಲಿ. ಅನೇಕ ಕಂಪನಿಗಳು ನಿಗದಿತ ಸರ್ವೀಸಿನಲ್ಲಿ ಬಾಡಿ ಪರಿಶೀಲಿಸಿ ದಾಖಲಿಸಿರಬೇಕು ಎನ್ನುತ್ತವೆ. ಬನಶಂಕರಿಯ ಗ್ಯಾರೇಜಿನಲ್ಲಿ ‘ಬಿಲ್ ಬೇಕಾ ಸರ್? ಬಿಲ್ ಆದ್ರೆ ಜಿಎಸ್‌ಟಿ ಸೇರತ್ತೆ’ ಎಂದಾಗ ‘ಬೇಡಪ್ಪ, ಬಿಡು’ ಎಂದವರು ಶೇ 18 ಉಳಿಸಿ ಇಡೀ ಸಾಕ್ಷ್ಯವನ್ನು ಕಳೆದುಕೊಂಡರು. ಶೋರೂಮಿನವರ ಮಾತಿಗೆ ಪ್ರಶ್ನೆ ಕೇಳದ ಜನವೇ ‘ನಾನಿದೀನಲ್ಲ ಸರ್’ ಎಂಬ ಮೆಕ್ಯಾನಿಕ್‌ನ ಭರವಸೆಯನ್ನೂ ಕಣ್ಣುಮುಚ್ಚಿ ನಂಬುತ್ತಾರೆ. ವಾಟ್ಸಾಪಿನಲ್ಲಿ ಬಂದದ್ದು, ಪಕ್ಕದ ಫ್ಲಾಟಿನವರು ಹೇಳಿದ್ದು, ಭಾವನ ಆಫೀಸಿನವರಿಗೆ ಆದದ್ದು ಎಲ್ಲವೂ ವೇದವಾಕ್ಯ; ಅಚ್ಚಾದ ಷರತ್ತು ಮಾತ್ರ ಯಾರಿಗೂ ಬೇಡ.

ಕಿಲೋಮೀಟರ್, ದಿನಾಂಕ, ಹಾಕಿದ ಆಯಿಲ್‌ನ ದರ್ಜೆ, ಬಾಡಿ ನೋಡಿದ್ದರ ಒಂದು ಸಾಲು, ಇಷ್ಟು ಬರೆದ ಬಿಲ್ ಇದ್ದರೆ ಹೊರಗಿನ ಗ್ಯಾರೇಜಿನದಾದರೂ ವಾದಕ್ಕೆ ಬಲ ಬರುತ್ತದೆ. ತುಕ್ಕು ಕಂಡ ಕೂಡಲೇ, ಕೆರೆದು ಬಣ್ಣ ಬಳಿಸುವ ಮುನ್ನ, ಫೋಟೊ ತೆಗೆಯಬೇಕು. ಜಾಬ್ ಕಾರ್ಡ್ ತೆರೆಸಬೇಕು. ‘ಬರಲ್ಲ ಸರ್’ ಎಂಬುದನ್ನು, ಯಾವ ಷರತ್ತಿನ ಪ್ರಕಾರ ಎಂಬುದನ್ನೂ ಸೇರಿಸಿ, ಇಮೇಲಿನಲ್ಲಿ ಬರೆದು ಕೊಡಿ ಎನ್ನಬೇಕು. ಬಾಯಲ್ಲಿ ಸಲೀಸಾಗಿ ಬರುವ ನಿರಾಕರಣೆ ಬರವಣಿಗೆಯಲ್ಲಿ ಅಷ್ಟು ಸಲೀಸಾಗಿ ಬರುವುದಿಲ್ಲ.

ಆಮೇಲೂ ಜಗ್ಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಗ್ರಾಹಕ ತಾನು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಕಂಪನಿಯ ಕಚೇರಿ ಪುಣೆಯಲ್ಲಿದ್ದರೂ ಜೆ.ಪಿ. ನಗರದವರು ಅಲ್ಲಿಗೆ ಅಲೆಯಬೇಕಾಗಿಲ್ಲ. ದೋಷ ಬರಿಗಣ್ಣಿಗೆ ತೀರ್ಮಾನವಾಗದಿದ್ದರೆ ಗ್ರಾಹಕ ಆಯೋಗ ಪ್ರಯೋಗಾಲಯದ ಪರೀಕ್ಷೆಗೂ ಕಳಿಸಬಹುದು. ಎರಡು ವರ್ಷದೊಳಗೆ ಹೋಗಬೇಕು, ವಕೀಲರು ಕಡ್ಡಾಯವಲ್ಲ. ಐದು ಲಕ್ಷ ದಾಟಿ ಹತ್ತು ಲಕ್ಷದವರೆಗೆ ಬೆಲೆ ಕೊಟ್ಟ ಕಾರಿಗೆ ದೂರಿನ ಶುಲ್ಕ 200 ರೂಪಾಯಿ.