ಧರಣಿ ಟೆಂಟಿನ ಪಕ್ಕದ ಮನೆ

2017ರ ಅಕ್ಟೋಬರ್ 5ರಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ದೆಹಲಿಯ ಜಂತರ್ ಮಂತರ್ ರಸ್ತೆಯಲ್ಲಿ ಇನ್ನು ಮುಂದೆ ಧರಣಿ ಕೂಡದು, ಧ್ವನಿವರ್ಧಕವೂ ಕೂಡದು ಎಂದು ಆದೇಶಿಸಿತು. 1993ರಿಂದ ದೇಶದ ಮೂಲೆಮೂಲೆಯ ಅಹವಾಲುಗಳೆಲ್ಲ ಬಂದು ಕೂರುತ್ತಿದ್ದ ರಸ್ತೆ ಅದು. ಸಮಾನ ಶ್ರೇಣಿಗೆ ಸಮಾನ ಪಿಂಚಣಿ ಕೇಳುತ್ತ ಮಾಜಿ ಸೈನಿಕರು 2015ರಿಂದ ಅಲ್ಲಿ ಟೆಂಟು ಹಾಕಿದ್ದರು. ತಲೆಬುರುಡೆ ಹಿಡಿದು ಕೂತ ತಮಿಳುನಾಡಿನ ರೈತರನ್ನು ದೇಶ ನೋಡಿದ್ದೂ ಅಲ್ಲಿಯೇ. ಇಂಥ ಜಾಗಕ್ಕೆ ಬೀಗ ಬಿದ್ದದ್ದು ಲಾಠಿಯಿಂದಲ್ಲ, ನಿಷೇಧಾಜ್ಞೆಯಿಂದಲೂ ಅಲ್ಲ. ಅದೇ ಬೀದಿಯ ಕೆಲವು ನಿವಾಸಿಗಳು ಹಗಲೂ ರಾತ್ರಿ ಮೈಕಿನ ಸದ್ದು, ಎಲ್ಲೆಂದರಲ್ಲಿ ಕಸ, ನೆಮ್ಮದಿಯಿಲ್ಲ ಎಂದು ಮಾಲಿನ್ಯದ ಕಾಯ್ದೆಯಡಿ ಹೂಡಿದ್ದ ಅರ್ಜಿಯಿಂದ. ಬೇಕಾದರೆ ರಾಮಲೀಲಾ ಮೈದಾನಕ್ಕೆ ಹೋಗಿ ಎಂದಿತು ಮಂಡಳಿ. ಅದೇ ತಿಂಗಳ ಕೊನೆಯಲ್ಲಿ ಮಾಜಿ ಸೈನಿಕರ ಟೆಂಟನ್ನೂ ಕಿತ್ತು ಹಾಕಲಾಯಿತು.

ಇಂಥ ದೂರು ಬಂದಾಗ ಹೋರಾಟಗಾರರ ಬಿಡಾರದಲ್ಲಿ ನಡೆಯುವ ವಾದ ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ. ಇದು ಸರ್ಕಾರವೇ ಬರೆಸಿದ ದೂರು, ಸೊಪ್ಪು ಹಾಕಬೇಡಿ ಎನ್ನುವವರು ಒಂದು ಕಡೆ. ಮೈಕು ತಗ್ಗಿಸೋಣ, ದಾರಿ ಬಿಡೋಣ, ಜನರ ಸಿಟ್ಟು ಕಟ್ಟಿಕೊಳ್ಳುವುದು ಬೇಡ ಎನ್ನುವವರು ಇನ್ನೊಂದು ಕಡೆ. ಕೋರ್ಟಿನ ವಿಷಯಕ್ಕೆ ಬಂದರೆ ಬಿರುಕು ಇನ್ನೂ ದೊಡ್ಡದು. ವಕೀಲರನ್ನಿಟ್ಟು ನಮ್ಮ ಮಾತನ್ನೂ ಹೇಳಿಸಬೇಕೆಂದು ಕೆಲವರು. ಕೋರ್ಟಿಗೆ ಹೋದರೆ ತೀರ್ಪಿಗೂ ತಲೆಬಾಗಬೇಕಾಗುತ್ತದೆ, ಆ ಕಡೆ ಸುಳಿಯುವುದೇ ಬೇಡವೆಂದು ಕೆಲವರು. ನನ್ನ ತಿಳಿವಿನಲ್ಲಿ ಇಲ್ಲಿ ಎರಡು ಬೇರೆ ಪ್ರಶ್ನೆಗಳು ಒಂದರೊಳಗೊಂದು ಸಿಕ್ಕಿಕೊಂಡಿವೆ. ಹೋರಾಟದ ಬೇಡಿಕೆ ಸರ್ಕಾರದ ಜೊತೆಗಿನ ವ್ಯಾಜ್ಯ; ಧರಣಿಯ ಜಾಗ ಅಕ್ಕಪಕ್ಕದವರ ಜೊತೆಗಿನ ವ್ಯವಹಾರ. ಎರಡನೆಯದನ್ನು ಹೋರಾಟಗಾರರು ತಾವೇ ಮುಂದಾಗಿ, ಕೋರ್ಟು ಮೆಟ್ಟಿಲು ಹತ್ತುವ ಮೊದಲೇ ಇತ್ಯರ್ಥ ಮಾಡಿಕೊಳ್ಳಬೇಕು. ಮಾಡಿಕೊಳ್ಳದಿದ್ದರೆ ಅದರ ಬೆಲೆಯನ್ನು ತೆರುವವರು ಮುಂದೆ ಬಂದು ಕೂರುವ ಇನ್ಯಾರೋ.

ಈ ಮಾತಿಗೆ ಕಾರಣ ಇಂಥ ಮೊಕದ್ದಮೆಗಳ ಸ್ವರೂಪದಲ್ಲೇ ಇದೆ. ನೆರೆಯವರು ಸಾಮಾನ್ಯವಾಗಿ ಧರಣಿ ಕೂತವರ ಮೇಲೆ ದಾವೆ ಹೂಡುವುದಿಲ್ಲ. ಸದ್ದು ನಿಲ್ಲಿಸಲಿಲ್ಲ, ರಸ್ತೆ ತೆರವು ಮಾಡಲಿಲ್ಲ ಎಂದು ಪೊಲೀಸರ ಮೇಲೆ, ಪಾಲಿಕೆಯ ಮೇಲೆ ಹೂಡುತ್ತಾರೆ. ಜಂತರ್ ಮಂತರ್ ಅರ್ಜಿಯೂ ದೆಹಲಿ ಪೊಲೀಸ್ ಕಮಿಷನರ ವಿರುದ್ಧ. ಎರಡು ವರ್ಷದ ನಂತರ ದೆಹಲಿಯ ಶಾಹೀನ್ ಬಾಗ್ ಧರಣಿಯ ಬಗ್ಗೆ ಬಂದ ಅರ್ಜಿಯೂ ಅವರ ವಿರುದ್ಧವೇ. ಹಾಗಾಗಿ ಒಂದು ವಿಚಿತ್ರ ಸ್ಥಿತಿ ಹುಟ್ಟುತ್ತದೆ: ಒಂದು ಕಡೆ ದೂರುದಾರರು, ಇನ್ನೊಂದು ಕಡೆ ಧರಣಿ ಎದ್ದುಹೋದರೆ ಸಾಕೆಂದು ಕಾದಿರುವ ಆಡಳಿತ. ಧರಣಿಯ ಪರವಾಗಿ ಮಾತಾಡಬೇಕಾದವರು ತಾವಾಗಿ ಮಧ್ಯೆ ಪ್ರವೇಶಿಸದಿದ್ದರೆ ಆ ಕೋಣೆಯಲ್ಲಿ ಅವರ ಸೊಲ್ಲೇ ಇರುವುದಿಲ್ಲ. ಅವರು ಏಕೆ ಕೂತರು ಎಂಬುದು ಅಲ್ಲಿ ಪ್ರಶ್ನೆಯೂ ಅಲ್ಲ. ಎಷ್ಟು ರಸ್ತೆ ಹೋಯಿತು, ಎಷ್ಟು ಸದ್ದಾಯಿತು, ಇಷ್ಟೇ ಲೆಕ್ಕ.

ಬಿಡಾರದೊಳಗಿನ ಈ ಜಗಳ ಬಯಲಲ್ಲೇ ನಡೆದದ್ದನ್ನು ನೋಡಬೇಕಾದರೆ 2011ರ ನ್ಯೂಯಾರ್ಕಿಗೆ ಹೋಗಬೇಕು. ಬ್ಯಾಂಕುಗಳ ದುರಾಸೆಯ ವಿರುದ್ಧ ‘ಆಕ್ಯುಪೈ ವಾಲ್ ಸ್ಟ್ರೀಟ್’ ಚಳವಳಿಯವರು ಸೆಪ್ಟೆಂಬರ್ 17ರಿಂದ ಜುಕೋಟಿ ಪಾರ್ಕಿನಲ್ಲಿ ಠಿಕಾಣಿ ಹೂಡಿದ್ದರು. ಒಂದು ಎಕರೆಯೂ ಇಲ್ಲದ ಆ ಪಾರ್ಕು ಖಾಸಗಿ ಕಂಪನಿಯದು, ಆದರೆ ಸಾರ್ವಜನಿಕರಿಗೆ ಹಗಲೂ ರಾತ್ರಿ ತೆರೆದಿರಬೇಕೆಂಬ ಷರತ್ತಿತ್ತು. ಧ್ವನಿವರ್ಧಕಕ್ಕೆ ಪರವಾನಗಿ ಬೇಕಾದ್ದರಿಂದ ಒಬ್ಬರ ಮಾತನ್ನು ಸುತ್ತಲಿನವರು ಒಕ್ಕೊರಲಿನಿಂದ ಪುನರುಚ್ಚರಿಸಿ ಹಿಂದಿನವರಿಗೆ ಮುಟ್ಟಿಸುತ್ತಿದ್ದರು. ಮೈಕಿಗೆ ತಡೆಯಿತ್ತು, ಡ್ರಮ್ಮಿಗೆ ಇರಲಿಲ್ಲ. ಅದನ್ನು ಗಂಟೆಗಟ್ಟಲೆ ಬಾರಿಸುತ್ತಿದ್ದರು. ಸುತ್ತಲಿನ ಫ್ಲ್ಯಾಟುಗಳಲ್ಲಿ ಮಕ್ಕಳೊಂದಿಗರಿದ್ದರು, ದೂರುಗಳು ಬಂದವು. ವಿಶೇಷವೆಂದರೆ ಅಲ್ಲಿನ ಸ್ಥಳೀಯ ಸಮುದಾಯ ಮಂಡಳಿ ಚಳವಳಿಗೆ ಶತ್ರುವಾಗಿರಲಿಲ್ಲ. ಪ್ರತಿಭಟನೆಯ ಹಕ್ಕನ್ನು ಎತ್ತಿಹಿಡಿಯುತ್ತಲೇ ಸದ್ದು ಕಡಿಮೆ ಮಾಡಿ ಎಂದು ನಿರ್ಣಯ ಮಾಡಿತು. ಚಳವಳಿಯ ಒಂದು ಬಣ ನೆರೆಯವರೊಂದಿಗೆ ಕೂತು ಮಾತಾಡಿ, ದಿನಕ್ಕೆ ಎರಡೇ ಗಂಟೆ, ಅದೂ ಹಗಲು ಹೊತ್ತಿನಲ್ಲಿ ಡ್ರಮ್ಮು ಎಂದು ಒಪ್ಪಿಕೊಂಡು ಬಂತು. ಬಾರಿಸುವವರು ಸಿಡಿದೆದ್ದರು: ನಮ್ಮನ್ನು ಕೇಳದೆ ಒಪ್ಪಿಕೊಳ್ಳಲು ನೀವ್ಯಾರು, ಚಳವಳಿಯ ನಾಡಿಯೇ ಈ ಡ್ರಮ್ಮು ಎಂದರು. (ತಮಟೆಯಿಲ್ಲದ ಹೋರಾಟವನ್ನೇ ಕಾಣದ ನಮ್ಮ ಕಡೆಯವರಿಗೆ ಈ ಸಿಟ್ಟು ಅರ್ಥವಾಗದೆ ಇರದು.) ಎಲ್ಲರ ಒಪ್ಪಿಗೆಯಿಂದಲೇ ತೀರ್ಮಾನ ಎಂಬುದು ಅಲ್ಲಿನ ಮಹಾಸಭೆಯ ಹೆಮ್ಮೆ. ಆ ಹೆಮ್ಮೆಯೇ ಕೊಟ್ಟ ಮಾತನ್ನು ಉಳಿಸಿಕೊಳ್ಳಲು ಬಿಡಲಿಲ್ಲ. ನವೆಂಬರ್ 15ರ ನಡುರಾತ್ರಿ ಪೊಲೀಸರು ಬಂದು ಪಾರ್ಕು ಖಾಲಿ ಮಾಡಿಸಿದರು. ಮೇಯರ್ ಮೈಕಲ್ ಬ್ಲೂಮ್‌ಬರ್ಗ್ ಅವರ ಹೇಳಿಕೆಯಲ್ಲಿ ಬೆಂಕಿಯ ಅಪಾಯದ ಜೊತೆಗೆ ನಿವಾಸಿಗಳ, ಅಂಗಡಿಯವರ ದೂರುಗಳೂ ಇದ್ದವು. ಮುಂಜಾನೆ ಒಬ್ಬ ನ್ಯಾಯಾಧೀಶರು ಟೆಂಟು ಸಮೇತ ಮರಳಲು ತಾತ್ಕಾಲಿಕ ಆದೇಶ ಕೊಟ್ಟರು. ಅದೇ ದಿನ ಇಳಿಹೊತ್ತಿಗೆ ಇನ್ನೊಬ್ಬರು, ಟೆಂಟು, ಜನರೇಟರ್ ಇಟ್ಟುಕೊಂಡು ನೆಲೆಸುವುದು ವಾಕ್ ಸ್ವಾತಂತ್ರ್ಯದ ಹಕ್ಕಿನೊಳಗೆ ಬರುವುದೆಂದು ತೋರಿಸಿಲ್ಲ ಎಂದರು. ಡ್ರಮ್ಮು ನಿಂತಿದ್ದರೆ ಪಾರ್ಕು ಉಳಿಯುತ್ತಿತ್ತೆಂದು ನಾನು ಹೇಳುತ್ತಿಲ್ಲ, ತೆರವಿನ ನಿರ್ಧಾರಕ್ಕೆ ಬೇರೆ ಕಾರಣಗಳೂ ಇದ್ದವು. ಆದರೆ ಸಹಾನುಭೂತಿಯಿದ್ದ ನೆರೆಯವರನ್ನು ಆಡಳಿತದ ಸಾಕ್ಷಿಗಳನ್ನಾಗಿ ಮಾಡಿದ್ದು ಮಾತ್ರ ಚಳವಳಿಯ ಕೈಯಾರೆ ನಡೆದದ್ದು.

ಕೋರ್ಟಿನತ್ತ ಸುಳಿಯಲೇಬಾರದು ಎನ್ನುವವರಿಗೆ ಜಂತರ್ ಮಂತರ್‌ನ ಮುಂದಿನ ಕತೆಯೇ ಉತ್ತರ. ರಾಜಸ್ಥಾನದ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆ, ಮಾಹಿತಿ ಹಕ್ಕಿನ ಹೋರಾಟದಿಂದ ನಮಗೆ ಪರಿಚಿತವಾದದ್ದು, ಸುಪ್ರೀಂ ಕೋರ್ಟಿಗೆ ಹೋಯಿತು. ಮಾಜಿ ಸೈನಿಕರೂ ಹೋದರು. ಅವರು ತಂದ ಪ್ರಶ್ನೆ ಬೇಡಿಕೆಯದಲ್ಲ, ಜಾಗದ್ದು. ಸಂಸತ್ತಿಗೆ ಕೇಳದಷ್ಟು ದೂರ, ಬಾಡಿಗೆ ಕಟ್ಟಿ ಹಿಡಿಯಬೇಕಾದ ಮೈದಾನದಲ್ಲಿ ಬಡವರು ಯಾರ ಮುಂದೆ ಗೋಳು ಹೇಳಿಕೊಳ್ಳಬೇಕು ಎಂದು ಕೇಳಿದರು. 2018ರ ಜುಲೈ 23ರಂದು ನ್ಯಾಯಮೂರ್ತಿ ಎ.ಕೆ. ಸಿಕ್ರಿ ಮತ್ತು ಅಶೋಕ್ ಭೂಷಣ್ ಅವರ ಪೀಠ ಸಂಪೂರ್ಣ ನಿಷೇಧ ಸಲ್ಲದು, ನಿವಾಸಿಗಳ ನೆಮ್ಮದಿ ಮತ್ತು ಪ್ರತಿಭಟನೆಯ ಹಕ್ಕು ಎರಡನ್ನೂ ಸರಿದೂಗಿಸಿ ಎರಡು ತಿಂಗಳಲ್ಲಿ ನಿಯಮ ಮಾಡಿ ಎಂದು ಪೊಲೀಸರಿಗೆ ಹೇಳಿತು. ದೆಹಲಿಯ ಬೋಟ್ ಕ್ಲಬ್ ಬಳಿಯೂ ಪೂರ್ತಿ ನಿಷೇಧ ಕೂಡದೆಂದಿತು. ರಸ್ತೆ ಮರಳಿ ಸಿಕ್ಕಿತು, ಆದರೆ ಹಳೆಯ ಹಾಗಲ್ಲ: ಮುಂಚೆ ಅನುಮತಿ, ಇಂತಿಷ್ಟೇ ಜನ, ಇಂತಿಷ್ಟೇ ಹೊತ್ತು. ಸದ್ದಿನ ಬಗ್ಗೆ ಬೀದಿಯವರ ಜೊತೆ ಮೊದಲೇ ಒಪ್ಪಂದವಾಗಿದ್ದರೆ ಇಷ್ಟೆಲ್ಲ ಷರತ್ತಿಗೆ ದಾರಿಯಾಗುತ್ತಿರಲಿಲ್ಲ ಎಂದು ನನ್ನ ಊಹೆ. ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಧ್ವನಿವರ್ಧಕ ಬೇಡವೆಂಬ ನಿಯಮ 2000ದಿಂದಲೇ ಜಾರಿಯಲ್ಲಿದೆ; ಅದನ್ನು ಪಾಲಿಸಲು ಯಾವ ಸಿದ್ಧಾಂತವನ್ನೂ ಬಿಟ್ಟುಕೊಡಬೇಕಿಲ್ಲ.

ಶಾಹೀನ್ ಬಾಗ್‌ನದು ಇದಕ್ಕಿಂತ ಕಷ್ಟದ ಪ್ರಕರಣ. ಪೌರತ್ವ ತಿದ್ದುಪಡಿ ಕಾಯ್ದೆಯ ವಿರುದ್ಧ 2019ರ ಡಿಸೆಂಬರ್ ಮಧ್ಯಭಾಗದಲ್ಲಿ ಮಹಿಳೆಯರು ಕೂತದ್ದು ದೆಹಲಿಯನ್ನು ನೊಯ್ಡಾಕ್ಕೆ ಜೋಡಿಸುವ ರಸ್ತೆಯ ಮೇಲೆ. ದೂರು ಬಂದದ್ದು ಮನೆಯವರಿಂದ ಮಾತ್ರವಲ್ಲ, ದಿನವೂ ಓಡಾಡುವವರಿಂದ, ಬಾಗಿಲು ಹಾಕಿ ಕೂತ ಅಂಗಡಿಯವರಿಂದ. ಇಲ್ಲಿ ಸುಪ್ರೀಂ ಕೋರ್ಟು ನೇರವಾಗಿ ತೆರವಿಗೆ ಹೇಳದೆ 2020ರ ಫೆಬ್ರವರಿಯಲ್ಲಿ ವಕೀಲರಾದ ಸಂಜಯ್ ಹೆಗ್ಡೆ, ಸಾಧನಾ ರಾಮಚಂದ್ರನ್ ಅವರನ್ನು ಸಂಧಾನಕ್ಕೆ ಕಳಿಸಿತು. ಧರಣಿಯವರೇ ಕೂತು ಷರತ್ತು ಮುಂದಿಡಬಹುದಾಗಿದ್ದ ಅಪರೂಪದ ಅವಕಾಶ ಅದು. ಅವರ ವಾದದಲ್ಲಿ ಹುರುಳೂ ಇತ್ತು. ಸಂಧಾನದಲ್ಲಿ ಕೈಜೋಡಿಸಿದ್ದ ವಜಾಹತ್ ಹಬೀಬುಲ್ಲಾ ಅವರೇ, ಸಂಬಂಧವಿಲ್ಲದ ಬದಲಿ ರಸ್ತೆಗಳನ್ನೂ ಪೊಲೀಸರು ಮುಚ್ಚಿದ್ದಾರೆಂದು ಪ್ರಮಾಣಪತ್ರ ಸಲ್ಲಿಸಿದರು. ಆದರೆ ಸಂಧಾನಕಾರರು ಯಾರೊಂದಿಗೆ ಮಾತು ಮುಗಿಸಬೇಕು? ಒಬ್ಬರು ಅರ್ಧ ರಸ್ತೆ ಬಿಡೋಣವೆಂದರೆ ಇನ್ನೊಬ್ಬರು ಕಾಯ್ದೆ ಹಿಂಪಡೆಯುವವರೆಗೆ ಒಂದಿಂಚೂ ಇಲ್ಲ ಎಂದರು. ಮಾರ್ಚ್ 24ರಂದು ಕೋವಿಡ್ ಹೆಸರಿನಲ್ಲಿ ಟೆಂಟು ತೆರವಾಯಿತು. ಅಲ್ಲಿಗೆ ಮೊಕದ್ದಮೆ ಮುಗಿಯಲಿಲ್ಲ. ಅಕ್ಟೋಬರ್ 7ರಂದು ಬಂದ ತೀರ್ಪು ಸಾರ್ವಜನಿಕ ರಸ್ತೆಯನ್ನು ಅನಿರ್ದಿಷ್ಟ ಕಾಲ ಹಿಡಿದಿಟ್ಟುಕೊಳ್ಳುವಂತಿಲ್ಲ, ಪ್ರತಿಭಟನೆ ಗೊತ್ತುಪಡಿಸಿದ ಜಾಗದಲ್ಲಿ ನಡೆಯಬೇಕು ಎಂದಿತು. ಮುಂದಾಳತ್ವ ಇಲ್ಲದಿದ್ದದ್ದನ್ನೂ, ಗುಂಪುಗಳು ಒಂದಕ್ಕೊಂದು ಎದುರಾಗಿ ಎಳೆದಾಡಿದ್ದನ್ನೂ ಗುರುತಿಸಿತು. ಮುಂದಾಳಿಲ್ಲದ ಹೋರಾಟವೆಂದು ನಾವೆಲ್ಲ ಹೊಗಳಿದ್ದ ಗುಣವೇ ತೀರ್ಪಿನಲ್ಲಿ ಕೊರತೆಯಾಗಿ ದಾಖಲಾಯಿತು. ಅಂದು ಯಾವ ಟೆಂಟೂ ಇರಲಿಲ್ಲ, ತೀರ್ಪು ಮಾತ್ರ ಉಳಿಯಿತು.

ದೂರುಗಳ ಹಿಂದೆ ಸರ್ಕಾರದ ಕೈ ಇರುತ್ತದಲ್ಲ ಎಂಬ ಆಕ್ಷೇಪವನ್ನು ನಾನು ತಳ್ಳಿಹಾಕುವುದಿಲ್ಲ. ಹಲವು ಸಲ ಇರುತ್ತದೆ. ಆದರೆ ಹಾಗೆಂದು ಕೂಗುವುದು ಬೇರೆ, ತೋರಿಸುವುದು ಬೇರೆ. ದೆಹಲಿ ಗಡಿಯಲ್ಲಿ ಕೂತಿದ್ದ ರೈತರು ಇದನ್ನು ಚೆನ್ನಾಗಿ ಅರಿತಿದ್ದರು. 2021ರ ಜನವರಿ 12ರಂದು ಸುಪ್ರೀಂ ಕೋರ್ಟು ಕೃಷಿ ಕಾಯ್ದೆಗಳಿಗೆ ತಡೆ ಕೊಟ್ಟು ನಾಲ್ವರ ಸಮಿತಿ ರಚಿಸಿದಾಗ ಅವರ ಒಕ್ಕೂಟ ಸಂಯುಕ್ತ ಕಿಸಾನ್ ಮೋರ್ಚಾ ಆ ಸಮಿತಿಯ ಮುಂದೆ ಹೋಗಲಿಲ್ಲ. ನಮ್ಮ ಮಾತು ಸರ್ಕಾರದ ಜೊತೆ, ಕೋರ್ಟಿನ ಜೊತೆಯಲ್ಲ ಎಂದಿತು. ಬೇಡಿಕೆಯನ್ನು ಅವರು ಪಂಚಾಯಿತಿಗೆ ಒಪ್ಪಿಸಲಿಲ್ಲ. ಆದರೆ ನೊಯ್ಡಾ ಕಡೆಯ ಪ್ರಯಾಣಿಕರೊಬ್ಬರ ಅರ್ಜಿಯ ಮೇಲೆ ರಸ್ತೆಯ ಪ್ರಶ್ನೆ ಬಂದಾಗ ಕೊಟ್ಟ ಉತ್ತರ ಬೇರೆ: ದಾರಿ ಕಟ್ಟಿದ್ದು ನಾವಲ್ಲ, ಪೊಲೀಸರು ನೆಟ್ಟ ಸಿಮೆಂಟು ಗೋಡೆ, ಮೊಳೆ, ಮುಳ್ಳುತಂತಿ. ಅನಿರ್ದಿಷ್ಟ ಕಾಲ ರಸ್ತೆ ಕಟ್ಟುವಂತಿಲ್ಲ ಎಂದು ಕೋರ್ಟು ಹೇಳಿದ್ದು ಅಕ್ಟೋಬರ್ 21ರಂದು. ಕೆಲವೇ ದಿನಗಳಲ್ಲಿ ಟಿಕ್ರಿ, ಗಾಜಿಪುರಗಳಲ್ಲಿ ಪೊಲೀಸರೇ ತಮ್ಮ ಬ್ಯಾರಿಕೇಡುಗಳನ್ನು ತೆಗೆಯತೊಡಗಿದರು. ರೈತರ ಮಾತಿಗೆ ಇದಕ್ಕಿಂತ ಸಾಕ್ಷಿ ಬೇಕಿರಲಿಲ್ಲ. ನವೆಂಬರ್ 19ರಂದು ಕಾಯ್ದೆ ವಾಪಸಾತಿ ಘೋಷಣೆಯಾಯಿತು. ಹತ್ತಾರು ಸಂಘಗಳಿದ್ದರೂ ಎಲ್ಲರ ಪರವಾಗಿ ಹೌದು, ಅಲ್ಲ ಎನ್ನಬಲ್ಲ ಒಂದು ಮೋರ್ಚಾ ಅಲ್ಲಿತ್ತು ಎಂಬುದನ್ನು ಮರೆಯಬಾರದು.

ಇನ್ನೊಂದು ಆಕ್ಷೇಪ ನಮ್ಮ ಬೆಂಗಳೂರಿನದೇ, ಹೆಚ್ಚು ಗಟ್ಟಿಯಾದದ್ದು. 2016ರ ಏಪ್ರಿಲ್ 18, 19ರಂದು ಭವಿಷ್ಯನಿಧಿ ಹಣ ತೆಗೆಯುವ ನಿಯಮ ಬದಲಾಯಿಸಿದ್ದಕ್ಕೆ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಹೊಸೂರು ರಸ್ತೆ, ತುಮಕೂರು ರಸ್ತೆಗೆ ಇಳಿದರು. ಯಾವ ನೆರೆಯವರನ್ನೂ ಕೇಳಲಿಲ್ಲ, ಅನುಮತಿ ಪಡೆಯಲಿಲ್ಲ, ನಗರ ಸ್ತಬ್ಧವಾಯಿತು. ಎರಡನೆಯ ದಿನವೇ ಕೇಂದ್ರ ಸರ್ಕಾರ ನಿಯಮ ಹಿಂತೆಗೆದುಕೊಂಡಿತು. ಜನರಿಗೆ ತೊಂದರೆಯೇ ಆಗದಂತೆ ಕೂತರೆ ಯಾರು ತಿರುಗಿ ನೋಡುತ್ತಾರೆ ಎಂದು ಕೇಳುವವರ ಬಳಿ ಈ ಉದಾಹರಣೆಯಿದೆ, ಅದು ನಿಜವೂ ಹೌದು. ಆದರೆ ಎರಡು ದಿನದ ಸ್ಫೋಟಕ್ಕೂ ನೂರು ದಿನದ ಧರಣಿಗೂ ಲೆಕ್ಕ ಬೇರೆ. ಮೊದಲನೆಯದು ದೂರು ಅರ್ಜಿಯಾಗುವ ಮೊದಲೇ ಮುಗಿದಿರುತ್ತದೆ (ಕಲ್ಲು, ಬೆಂಕಿ, ಬಂಧನ, ಪೊಲೀಸ್ ಕೇಸುಗಳು ಆಗಲೂ ತಪ್ಪಲಿಲ್ಲ). ಎರಡನೆಯದು ಅದೇ ಬೀದಿಯಲ್ಲಿ ಬಾಳಬೇಕು. ಅದೇ ನಲ್ಲಿಯ ನೀರು, ಅದೇ ಅಂಗಡಿಯ ಚಹಾ, ಅದೇ ಮನೆಯ ಶೌಚಾಲಯ ಬೇಕು. ಅಲ್ಲಿ ನೆರೆಯವರು ಮುನಿದರೆ ಧರಣಿಯ ಕಾಲೇ ಕುಸಿಯುತ್ತದೆ.

ಈಗ ಬೆಂಗಳೂರಿನ ಫ್ರೀಡಂ ಪಾರ್ಕಿಗೆ ಬರೋಣ. ಮೆರವಣಿಗೆಗಳಿಂದ ವಾಹನ ಸಂಚಾರ ಕಟ್ಟಿಹೋಗುತ್ತಿದೆಯೆಂದು ಕರ್ನಾಟಕ ಹೈಕೋರ್ಟು 2021ರಲ್ಲಿ ತಾನಾಗಿಯೇ ಪ್ರಕರಣ ಕೈಗೆತ್ತಿಕೊಂಡಿತು. ಪೊಲೀಸರು ಪ್ರತಿಭಟನೆಗಳ ಪರವಾನಗಿ ಮತ್ತು ನಿಯಂತ್ರಣಕ್ಕೆಂದೇ ಒಂದು ಆದೇಶ ತಂದರು: ಬೆಂಗಳೂರಿನಲ್ಲಿ ಧರಣಿಯೆಂದರೆ ಫ್ರೀಡಂ ಪಾರ್ಕು ಮಾತ್ರ. ಇದೇ ಹೈಕೋರ್ಟು 2020ರ ಫೆಬ್ರವರಿಯಲ್ಲಿ, ಪೌರತ್ವ ಪ್ರತಿಭಟನೆಯ ಹೊತ್ತಿಗೆ ನಗರದಲ್ಲಿ ಹೇರಿದ್ದ ನಿಷೇಧಾಜ್ಞೆ ಕಾನೂನುಬಾಹಿರವೆಂದು ತೀರ್ಪು ಕೊಟ್ಟಿತ್ತು. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಒಂದು ವಿಷಯ ತಿಳಿಯುತ್ತದೆ. ಸರ್ಕಾರ ನೇರವಾಗಿ ಬಾಯಿ ಮುಚ್ಚಿಸಲು ಬಂದಾಗ ಕೋರ್ಟು ಕೇಳಿದ್ದು ಕಾರಣವೇನೆಂದು. ಸಂಚಾರದ ದೂರು ಬಂದಾಗ ಕೇಳಿದ್ದು ಜಾಗವೆಲ್ಲಿ ಎಂದು. ಆ ಪ್ರಶ್ನೆಗೆ ಉತ್ತರ ಬರೆದುಕೊಟ್ಟವರು ಪೊಲೀಸರು. ಒಮ್ಮೆ ಕೇಂದ್ರ ಕಾರಾಗೃಹವಾಗಿದ್ದ ಆವರಣದೊಳಗೆ ಆಶಾ, ಅಂಗನವಾಡಿ, ಬಿಸಿಯೂಟದ ಮಹಿಳೆಯರು ಇಂದು ಕೂತು ಕೂಗಿದರೆ ವಿಧಾನಸೌಧಕ್ಕೆ ಕೇಳುವುದು ಅಷ್ಟಕ್ಕಷ್ಟೇ.

ಆ ನಿಯಮವನ್ನು ಸಡಿಲಿಸಬೇಕೆಂದು ಕೇಳುವ ಹಕ್ಕು ಹೋರಾಟಗಾರರಿಗಿದೆ, ಕೇಳಲೇಬೇಕು. ಆದರೆ ಕೇಳಲು ಹೋಗುವಾಗ ಕೈಯಲ್ಲಿ ಒಂದು ದಾಖಲೆ ಇರಲಿ: ಇಷ್ಟು ಧರಣಿ ಮಾಡಿದ್ದೇವೆ, ಮೈಕನ್ನು ಇಷ್ಟು ಹೊತ್ತಿಗೆ ನಿಲ್ಲಿಸಿದ್ದೇವೆ, ಆಂಬುಲೆನ್ಸಿಗೆ ದಾರಿ ಬಿಡಲು ಇಂಥವರನ್ನು ನೇಮಿಸಿದ್ದೆವು, ಬಂದ ದೂರು ಇಷ್ಟು, ಅವಕ್ಕೆ ಕೊಟ್ಟ ಉತ್ತರ ಇದು. ಮುಂದಿನ ಪೆಂಡಾಲಿನ ಗೂಟ ನೆಡುವ ಮೊದಲು ಸಂಘಟನೆಯ ಇಬ್ಬರು ಸುತ್ತಲಿನ ಮನೆ, ಅಂಗಡಿ, ಆಸ್ಪತ್ರೆಗಳಿಗೆ ಹೋಗಿ, ತೊಂದರೆಯಾದರೆ ಯಾರಿಗೆ ಫೋನ್ ಮಾಡಬೇಕೆಂದು ನಂಬರು ಕೊಟ್ಟು ಬರಲಿ. ಆ ಫೋನನ್ನು ಎತ್ತುವವರಿಗೆ, ಆಯಿತು ನಿಲ್ಲಿಸುತ್ತೇವೆ ಎಂದು ಹೇಳುವ ಅಧಿಕಾರವೂ ಇರಲಿ.