ಊರ ರಂಗದಲ್ಲಿ ಮಕ್ಕಳು

ಓದುವ ಹುಡುಗನಿಗೆ ನಾಟಕದ ಹುಚ್ಚು ಹಿಡಿಯಿತೆಂದರೆ ಮನೆಯ ಹಿರಿಯರು ಇಂದಿಗೂ ಹುಬ್ಬು ಗಂಟಿಕ್ಕುವುದುಂಟು. ಬಣ್ಣ ಹಚ್ಚಿದವನ ಬಾಳು ಹಸನಾಗದೆಂಬ ಹಳೆಯ ಅಂಜಿಕೆ ನಮ್ಮ ಮನಸ್ಸಿನ ಯಾವುದೋ ಮೂಲೆಯಲ್ಲಿ ಇನ್ನೂ ಉಳಿದಿದೆ. ಆ ಅಂಜಿಕೆಯಿಲ್ಲದವರು ಬೇರೊಂದು ಪ್ರಶ್ನೆಯನ್ನು ಮುಂದಿಡುತ್ತಾರೆ: ಇದರಿಂದ ಮಗುವಿಗೆ ಪ್ರಯೋಜನವೇನು? ಪ್ರಶ್ನೆ ನ್ಯಾಯವಾದುದೇ. ಅದಕ್ಕೆ ನಾವು ಕೊಡುವ ಉತ್ತರ ಮಾತ್ರ ಸಾಮಾನ್ಯವಾಗಿ ಬಾಯಿಪಾಠದ್ದು. ನಾಟಕದಿಂದ ಸಭಾಕಂಪ ಹೋಗುತ್ತದೆ, ಉಚ್ಚಾರಣೆ ಶುದ್ಧವಾಗುತ್ತದೆ, ನೆನಪಿನ ಶಕ್ತಿ ಬೆಳೆಯುತ್ತದೆ. ಇವೆಲ್ಲ ದಿಟ. ಆದರೆ ಬೇಕಾದುದು ಇಷ್ಟೇ ಆಗಿದ್ದರೆ ಒಂದು ಭಾಷಣ ಸ್ಪರ್ಧೆ ಸಾಕಲ್ಲವೆ? ಊರ ಮಕ್ಕಳನ್ನೆಲ್ಲ ಕಲೆಹಾಕಿ, ವಾರಗಟ್ಟಲೆ ತಾಲೀಮು ನಡೆಸಿ, ಚಪ್ಪರ ಹಾಕಿ ನಾಟಕವಾಡಿಸುವ ಶ್ರಮವೇಕೆ?

ಇದಕ್ಕೆ ನನಗೆ ಉತ್ತರ ದೊರೆತುದು ಒಂದು ಸೋಲಿನಿಂದ. ನಾನಾಗ ಐದನೆಯ ತರಗತಿಯಲ್ಲಿದ್ದೆ. ನಮ್ಮ ಹಳ್ಳಿಯ ಮೇಷ್ಟರು ದಸರೆಗೆಂದು ಒಂದು ನಾಟಕ ಆಡಿಸಲು ತೊಡಗಿದರು. ತರಗತಿಗೆ ಮೊದಲಿಗನಾದ ನನಗೇ ರಾಜನ ಪಾತ್ರವೆಂದು ನಾನೂ ನಮ್ಮ ಮನೆಯವರೂ ನಿಶ್ಚಯಿಸಿಬಿಟ್ಟಿದ್ದೆವು. ಮೇಷ್ಟರು ಕಿರೀಟವನ್ನಿಟ್ಟುದು ಕೊನೆಯ ಬೆಂಚಿನ ಹುಡುಗನೊಬ್ಬನ ತಲೆಯ ಮೇಲೆ. ಅವನ ತಾಯಿ ಬೀಡಿ ಕಟ್ಟಿ ಸಂಸಾರ ಸಾಗಿಸುತ್ತಿದ್ದಳು. ವಾರಕ್ಕೆರಡು ದಿನ ಅವನು ಶಾಲೆಯ ಕಡೆಗೇ ಬರುತ್ತಿರಲಿಲ್ಲ. ನನ್ನ ಪಾಲಿಗೆ ಬಂದುದು ಭಟನ ವೇಷ. ಮಾತು ಒಂದೇ ಒಂದು: “ಮಹಾಪ್ರಭು, ಬಾಗಿಲಲ್ಲಿ ಒಬ್ಬ ಮುದುಕಿ ಕಾದಿದ್ದಾಳೆ.” ಊರಿನ ಗಣ್ಯರೊಬ್ಬರು ಮೇಷ್ಟರನ್ನು ಕರೆಸಿ, ರಾಜನನ್ನು ಬದಲಿಸಬೇಕೆಂದು ಹೇಳಿದರಂತೆ. ಮೇಷ್ಟರು ಬದಲಿಸಲಿಲ್ಲ.

ಒಂದು ಮಾತನ್ನು ಕಲಿಯಲು ತಾಲೀಮೇಕೆಂದು ನಾನು ದಿನವೂ ಮೂಲೆಯಲ್ಲಿ ಮುಖ ಊದಿಸಿಕೊಂಡು ಕುಳಿತಿರುತ್ತಿದ್ದೆ. ರಾಜನಾದವನಾದರೋ ತಾನಿಲ್ಲದ ದೃಶ್ಯಗಳನ್ನೂ ಕಣ್ಣು ಕೀಲಿಸಿ ನೋಡುತ್ತಿದ್ದ. ನಾಟಕದ ರಾತ್ರಿ ಬಂದಿತು. ಪೆಟ್ರೋಮ್ಯಾಕ್ಸ್ ದೀಪದ ಬೆಳಕಿನಲ್ಲಿ ಊರಿಗೆ ಊರೇ ಕುಳಿತಿತ್ತು. ನಾನು ಈಟಿ ಹಿಡಿದು ಒಳಗೆ ಬಂದೆ, ಬಾಯಿ ತೆರೆದೆ. ಮಾತು ಮಾಯವಾಗಿತ್ತು. ಎಷ್ಟು ಹೊತ್ತು ಹಾಗೆ ನಿಂತಿದ್ದೆನೋ ತಿಳಿಯದು. ರಾಜ ಸಿಂಹಾಸನದಿಂದ ಮುಂದಕ್ಕೆ ಬಾಗಿ, ಏನೂ ನಡೆಯದವನಂತೆ ಕೇಳಿದ: “ಏಕೋ ಭಟ, ಏದುಸಿರು ಬಿಡುತ್ತಿದ್ದೀಯೆ? ಬಾಗಿಲಲ್ಲಿ ಯಾರಾದರೂ ಕಾದಿದ್ದಾರೆಯೆ?” ನಾನು ತಲೆಯಾಡಿಸಿದೆ. ಮುದುಕಿ ಬಂದಳು. ನಾಟಕ ಮುಂದೆ ಸಾಗಿತು. ನೋಡುತ್ತಿದ್ದವರಿಗೆ ಏನೂ ತಿಳಿಯಲಿಲ್ಲ.

ತರಗತಿಯಲ್ಲಿ ಪಕ್ಕದವನಿಗೆ ಉತ್ತರ ಹೇಳಿಕೊಡುವುದು ಅಪರಾಧ. ಅಲ್ಲಿ ಅವರವರ ಅಂಕ ಅವರವರಿಗೆ. ಒಬ್ಬನು ಹಿಂದುಳಿದರೆ ಇನ್ನೊಬ್ಬನು ಮೊದಲಿಗನಾಗುತ್ತಾನೆ. ರಂಗದ ಮೇಲೆ ಈ ಲೆಕ್ಕ ನಡೆಯುವುದಿಲ್ಲ. ಭಟ ಮುಗ್ಗರಿಸಿದರೆ ರಾಜನೂ ಬಿದ್ದಂತೆಯೇ. ಆದುದರಿಂದ ಒಬ್ಬರು ಆಡುವಾಗ ಉಳಿದವರೆಲ್ಲ ಕಿವಿಯಾಗಿರಬೇಕು. ಮಕ್ಕಳಿಗೆ ಮಾತು ಕಲಿಸುವ ಎಡೆಗಳು ಬೇಕಾದಷ್ಟಿವೆ. ಇನ್ನೊಬ್ಬರ ಮಾತನ್ನು ಕೊನೆಯವರೆಗೆ ಕೇಳಿ, ತನ್ನ ಸರದಿಗಾಗಿ ಕಾದು, ಸರಿಯಾದ ಗಳಿಗೆಗೆ ಬಾಯಿ ತೆರೆಯುವುದನ್ನು ಕಲಿಸುವ ಎಡೆಗಳು ಬಹಳವಿಲ್ಲ. ನಾಟಕದ ಮೊದಲ ಪ್ರಯೋಜನ ಇದೆಂದು ನನ್ನ ನಂಬಿಕೆ.

ಎರಡನೆಯದು ಭಾಷೆಗೆ ಸಂಬಂಧಿಸಿದುದು. ಮನೆಯ ಕನ್ನಡ ಒಂದು, ಪಠ್ಯಪುಸ್ತಕದ ಕನ್ನಡ ಇನ್ನೊಂದು. ಇವೆರಡರ ನಡುವೆ ಸಿಕ್ಕ ಮಗು ಎಷ್ಟೋ ಸಲ ಬಾಯನ್ನೇ ಬಿಡುವುದಿಲ್ಲ. ನಾಟಕದಲ್ಲಿ ರಾಜನ ನುಡಿ, ಅಗಸನ ನುಡಿ, ಅಜ್ಜಿಯ ನುಡಿ ಎಲ್ಲಕ್ಕೂ ಸ್ಥಳವುಂಟು. ತನ್ನ ಅಜ್ಜಿಯ ಮಾತು ನಗೆಗೀಡಾಗದೆ ಚಪ್ಪಾಳೆಗೆ ಪಾತ್ರವಾದುದನ್ನು ಒಮ್ಮೆ ಕಂಡ ಮಗುವಿಗೆ ಭಾಷೆಯ ಭಯ ಅರ್ಧ ತೊಲಗಿದಂತೆ.

ಹಳ್ಳಿಯ ಮಕ್ಕಳ ನಾಟಕ ಎಷ್ಟು ದೂರ ಒಯ್ಯಬಲ್ಲುದೆಂಬುದಕ್ಕೆ ನಮ್ಮಲ್ಲಿ ಒಂದು ಪ್ರಸಿದ್ಧ ನಿದರ್ಶನವಿದೆ. 1929ರಲ್ಲಿ ದಕ್ಷಿಣ ಕನ್ನಡದ ಮಂಚಿಯ ಬಳಿ ಹುಟ್ಟಿದ ಬಿ. ವಿ. ಕಾರಂತರು ಮೊದಲು ರಂಗವೇರಿದುದು ಮೂರನೆಯ ತರಗತಿಯಲ್ಲಿ, ಕುವೆಂಪು ಅವರ ‘ನನ್ನ ಗೋಪಾಲ’ ನಾಟಕದಲ್ಲಿ. ಆ ಹುಡುಗ ಮುಂದೆ ಮನೆ ಬಿಟ್ಟು ಗುಬ್ಬಿ ಕಂಪನಿಯನ್ನು ಸೇರಿದ. ಬೆಳೆದು ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕನಾದ. 1989ರಲ್ಲಿ ಮೈಸೂರಿನಲ್ಲಿ ಆರಂಭವಾದ ರಂಗಾಯಣಕ್ಕೆ ಮೊದಲ ನಿರ್ದೇಶಕನಾದ. ಅವರ ಪತ್ನಿ ಪ್ರೇಮಾ ಕಾರಂತರು 1979ರಲ್ಲಿ ಬೆಂಗಳೂರಿನಲ್ಲಿ ‘ಬೆನಕ ಮಕ್ಕಳ ನಾಟಕ ಕೇಂದ್ರ’ವನ್ನು ಕಟ್ಟಿ, ಮಕ್ಕಳ ರಂಗಭೂಮಿಗೆಂದೇ ದುಡಿದರು. ಮೂರನೆಯ ತರಗತಿಯ ಒಂದು ನಾಟಕದಿಂದ ಇಷ್ಟೆಲ್ಲ ಆಯಿತೆಂದರೆ ಅತಿಶಯೋಕ್ತಿಯಾದೀತು. ಆದರೆ ಅದು ಇಲ್ಲದಿದ್ದರೆ ಆಗುತ್ತಿತ್ತೆಂದು ಹೇಳುವ ಧೈರ್ಯ ಯಾರಿಗಿದೆ?

ಹಾಗೆಂದು ಮಕ್ಕಳ ನಾಟಕದ ಗುರಿ ನಟರನ್ನು ತಯಾರಿಸುವುದೆಂದು ತಿಳಿಯಬಾರದು. ಪುತ್ತೂರಿನ ಬಾಲವನದಲ್ಲಿ ಶಿವರಾಮ ಕಾರಂತರು ಆಟ, ಕುಣಿತ, ನಾಟಕಗಳನ್ನು ಮಗುವಿನ ಶಿಕ್ಷಣದೊಳಕ್ಕೆ ತಂದುದು ನಟವರ್ಗವೊಂದನ್ನು ಸಿದ್ಧಪಡಿಸುವುದಕ್ಕಾಗಿ ಅಲ್ಲ. ಕರಾವಳಿಯಲ್ಲಿ ಸಾಲಿಗ್ರಾಮದ ಮಕ್ಕಳ ಮೇಳ 1970ರ ದಶಕದಿಂದ ಯಕ್ಷಗಾನದಲ್ಲಿ ಮಕ್ಕಳನ್ನು ತೊಡಗಿಸಿಕೊಂಡು ಬಂದಿದೆ. ಅಲ್ಲಿ ಗೆಜ್ಜೆ ಕಟ್ಟಿದ ಮಕ್ಕಳೆಲ್ಲ ಮುಂದೆ ವೃತ್ತಿಮೇಳದ ವೇಷಧಾರಿಗಳಾಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ಭಾಗವತರ ಪದಕ್ಕೂ ಮದ್ದಳೆಯ ಪೆಟ್ಟಿಗೂ ತನ್ನ ಹೆಜ್ಜೆಯನ್ನು ಹೊಂದಿಸಿಕೊಂಡ ಮಗು, ಮುಂದೆ ಗುಮಾಸ್ತನಾಗಲಿ, ರೈತನಾಗಲಿ, ವೈದ್ಯೆಯಾಗಲಿ, ಆಟ ನೋಡಬಲ್ಲ ಸಹೃದಯ ಪ್ರೇಕ್ಷಕನಾದರೂ ಆಗುತ್ತದೆ. 1949ರಲ್ಲಿ ಹೆಗ್ಗೋಡಿನಲ್ಲಿ ನೀನಾಸಂ ಹುಟ್ಟಿದುದು ಕೂಡ ಹಳ್ಳಿಯ ಗೆಳೆಯರ ಬಳಗವಾಗಿಯೇ. ಅಡಿಕೆ ತೋಟಗಳ ನಡುವಿನ ಆ ಊರು ನಾಟಕವಾಡುವುದನ್ನು ಕಲಿತಂತೆಯೇ ನಾಟಕ ನೋಡುವುದನ್ನೂ ಕಲಿಯಿತು.

ಊರ ನಾಟಕದಲ್ಲಿ ಊರಿಗೂ ಪಾತ್ರವಿದೆ. ದರ್ಜಿ ರಾಜನ ನಿಲುವಂಗಿಯನ್ನು ಹೊಲಿಯುತ್ತಾನೆ. ಬಡಗಿ ಈಟಿ ಕೆತ್ತುತ್ತಾನೆ. ಯಾರದೋ ಮನೆಯ ರೇಷ್ಮೆ ಸೀರೆ ಪರದೆಯಾಗುತ್ತದೆ. ತಾಲೀಮು ಮುಗಿಸಿದ ಮಕ್ಕಳನ್ನು ಲಾಟೀನು ಹಿಡಿದು ಮನೆ ಮುಟ್ಟಿಸುವವನೂ ನಾಟಕದ ಪಾಲುದಾರನೇ. ತನ್ನ ಆಟವನ್ನು ದೊಡ್ಡವರು ಇಷ್ಟು ದೊಡ್ಡದಾಗಿ ಎಣಿಸಿದರೆಂಬ ಅರಿವು ಮಗುವಿಗೆ ಕೊಡುವ ಘನತೆಯನ್ನು ಯಾವ ಬಹುಮಾನವೂ ಕೊಡಲಾರದು. ಬೇರೆ ಬೇರೆ ಕೇರಿಗಳ ಮಕ್ಕಳು ಒಂದೇ ಜಗಲಿಯಲ್ಲಿ ಕುಳಿತು, ಒಂದೇ ಕೊಡದ ನೀರು ಕುಡಿದು, ಒಬ್ಬರ ಮುಖಕ್ಕೊಬ್ಬರು ಬಣ್ಣ ಬಳಿಯುವುದು ಎಷ್ಟೋ ಊರುಗಳಲ್ಲಿ ನಾಟಕದ ನೆವದಿಂದಲೇ.

ಆದರೆ ಈ ಫಲ ತಾನಾಗಿ ಒದಗುವುದಿಲ್ಲ. ಊರಿನ ತಾರತಮ್ಯ ರಂಗವನ್ನೂ ಏರಬಲ್ಲುದು. ಸಾಹುಕಾರರ ಮಗ ರಾಜ, ಆಳಿನ ಮಗ ಆಳು ಎಂದಾದರೆ ನಾಟಕ ಏನನ್ನು ಕಲಿಸಿದಂತಾಯಿತು? ಕಂಡುದನ್ನೇ ಇನ್ನೊಮ್ಮೆ ಬಣ್ಣ ಹಚ್ಚಿ ತೋರಿಸಿದಂತಾಯಿತು, ಅಷ್ಟೆ. ಇಂದಿನ ಅನೇಕ ಶಾಲಾ ವಾರ್ಷಿಕೋತ್ಸವಗಳಲ್ಲಿ ಇನ್ನೊಂದು ಬಗೆಯ ಬಡತನವನ್ನು ಕಾಣುತ್ತೇವೆ. ಧ್ವನಿವರ್ಧಕದಿಂದ ಚಲನಚಿತ್ರದ ಗೀತೆ ಹೊರಡುತ್ತದೆ; ಮಕ್ಕಳು ಕೈಕಾಲು ಆಡಿಸಿ, ತುಟಿ ಕುಣಿಸಿ, ಒಂದೂ ಮಾತನಾಡದೆ ಇಳಿದುಹೋಗುತ್ತಾರೆ. ದುಬಾರಿ ಉಡುಪು ಬಾಡಿಗೆಗೆ ಬರುತ್ತದೆ, ಭಾವಚಿತ್ರ ತೆಗೆದುದಾಗುತ್ತದೆ. ಮಗುವಿನ ದನಿ ಮಾತ್ರ ಯಾರಿಗೂ ಕೇಳಿಸುವುದಿಲ್ಲ.

ಉಪದೇಶವೂ ಒಂದು ಅಪಾಯವೇ. ಪ್ರತಿ ದೃಶ್ಯದ ಕೊನೆಗೂ ನೀತಿಯನ್ನು ನುಡಿಯುವ ನಾಟಕ ಮಕ್ಕಳಿಗೆ ಇನ್ನೊಂದು ಪಾಠವಷ್ಟೇ. ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯನ್ನು ನೋಡಿ. ಬ್ರೌನಿಂಗ್ ಕವಿಯ ಕಥೆ ಅಲ್ಲಿ ಕನ್ನಡದ ಹಳ್ಳಿಗೆ ಬಂದು ನೆಲೆಸಿದೆ. ಅದನ್ನು ರಂಗಕ್ಕೆ ತರುವ ಮೇಷ್ಟರಿಗೆ ಯಾವ ಮಗುವನ್ನೂ ಹೊರಗಿಡುವ ಪ್ರಮೇಯವಿಲ್ಲ. ಇಲಿಗಳ ಹಿಂಡಿಗೆ ಎಷ್ಟು ಮಕ್ಕಳಾದರೂ ಬೇಕು. ಕೊಟ್ಟ ಮಾತಿಗೆ ತಪ್ಪಿದ ಹಿರಿಯರನ್ನು ಮಕ್ಕಳು ನಗುನಗುತ್ತಲೇ ಹಿರಿಯರೆದುರಿಗೆ ಆಡಿ ತೋರಿಸುತ್ತಾರೆ. ಅಲ್ಲಿ ಪಾಠ ಯಾರಿಗೆಂದು ಬಿಡಿಸಿ ಹೇಳಬೇಕಾಗಿಲ್ಲ. ವೈದೇಹಿಯವರಂತಹ ಲೇಖಕರು ಮಕ್ಕಳಿಗೆಂದೇ ಬರೆದ ನಾಟಕಗಳೂ ಈಗ ನಮ್ಮಲ್ಲಿವೆ. ಕೃತಿಗಳ ಕೊರತೆಯೆಂಬ ನೆವ ಇನ್ನು ಸಲ್ಲದು.

ಉಪಾಧ್ಯಾಯರಲ್ಲಿ ಒಂದು ಬಿನ್ನಹ. ನಾಟಕಕ್ಕೆ ದೊಡ್ಡ ಮಂದಿರ ಬೇಡ. ಒಂದು ಜಗಲಿ, ಒಂದು ತಿಂಗಳ ಸಂಜೆಗಳು, ಹಲವು ಪಾತ್ರಗಳಿರುವ ಒಂದು ಕಥೆ ಇದ್ದರೆ ಸಾಕು. ತಾಲೀಮಿನಲ್ಲಿ ಪಾತ್ರಗಳನ್ನು ಅದಲುಬದಲು ಮಾಡಿಸಿರಿ. ಇಂದಿನ ರಾಜ ನಾಳೆ ಭಟನಾಗಿ ನಿಲ್ಲಲಿ. ನಾಟಕ ಗೆದ್ದಿತೋ ಇಲ್ಲವೋ ಎಂಬುದನ್ನು ಕೊನೆಯ ಸಾಲಿನ ಭಟನ ಮುಖ ನೋಡಿ ನಿರ್ಧರಿಸಿರಿ.

ನಮ್ಮ ಆ ರಾಜ ಮುಂದೆ ನಟನಾಗಲಿಲ್ಲ. ಏಳನೆಯ ತರಗತಿಯ ಬಳಿಕ ಶಾಲೆಯನ್ನೂ ಬಿಟ್ಟ. ನಾಟಕ ಅವನ ಬಡತನವನ್ನು ಕಳೆಯಲಿಲ್ಲ. ಅಷ್ಟನ್ನು ನಾಟಕದಿಂದ ಬಯಸುವುದು ಸರಿಯೂ ಅಲ್ಲ. ಆದರೆ ಊರಿನಲ್ಲಿ ಅವನ ಹೆಸರೇ ರಾಜ ಎಂದಾಗಿಹೋಯಿತು. ಕುಹಕವಿಲ್ಲದೆ ಹಾಗೆ ಕರೆಯುತ್ತಿದ್ದರು. ನಾನಂತೂ ಬೇಕಾದಷ್ಟು ಸಭೆಗಳಲ್ಲಿ ಮಾತನಾಡಿದ್ದೇನೆ, ಆಡಿದುದನ್ನು ಮರೆತಿದ್ದೇನೆ. ಬಾಗಿಲಲ್ಲಿ ಕಾದಿದ್ದ ಮುದುಕಿಯ ಆ ಒಂದು ಮಾತು ಮಾತ್ರ ಇಂದಿಗೂ ಕಂಠಪಾಠವಾಗಿದೆ.